ಅತಿಯಾದ ಯೋಚನೆ ಮತ್ತು ಮೆದುಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಈ ಪುಟ ಅಂಥ ಪುಣ್ಯವಂತರಿಗಲ್ಲ. ಮೆತ್ತನೆಯ ಹಾಸಿಗೆ, ತಿರುಗುವ ಫ್ಯಾನು, ಸದ್ದಿಲ್ಲದ ಮನೆ ಎಲ್ಲ ಇದ್ದೂ, ಮಧ್ಯಾಹ್ನ ಆಫೀಸಿನಲ್ಲಿ ಯಾರೋ ಆಡಿದ ಒಂದು ಮಾತನ್ನು ರಾತ್ರಿ ಎರಡು ಗಂಟೆಗೆ ಕೆದಕುತ್ತ ಮಲಗಿರುವವರಿಗೆ ಇದು. ಪ್ರಶ್ನೆಗಳನ್ನು ಜನ ಕೇಳುವ ಮಾತಿನಲ್ಲೇ ಇಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಿದೆ, ಕೆಲವಕ್ಕೆ ಒಂದೆರಡು ಸಾಲು ಸಾಕು.

ಓವರ್‌ಥಿಂಕಿಂಗ್ ಅಂದರೆ ಜಾಸ್ತಿ ಯೋಚನೆ ಮಾಡುವುದು, ಅಷ್ಟೇ ತಾನೆ?

ಮಗಳ ಮದುವೆಗೆ ಛತ್ರ ಯಾವುದು, ಅಡುಗೆಗೆ ಯಾರು, ಎಷ್ಟು ಎಲೆ ಹಾಕಬೇಕಾದೀತು ಎಂದು ತಿಂಗಳುಗಟ್ಟಲೆ ಲೆಕ್ಕ ಹಾಕುವ ಅಪ್ಪ ಅತಿಯಾಗಿ ಯೋಚಿಸುತ್ತಿಲ್ಲ. ಅವರ ಯೋಚನೆಯಿಂದ ದಿನಕ್ಕೊಂದು ಫೋನು, ಒಂದು ಅಡ್ವಾನ್ಸು, ಒಂದು ಪಟ್ಟಿ ಹೊರಬೀಳುತ್ತಿದೆ. ಎಲ್ಲ ಗೊತ್ತಾದ ಮೇಲೂ "ಬೀಗರು ಊಟ ಸರಿಯಿಲ್ಲ ಅಂದುಬಿಟ್ಟರೆ?" ಎಂಬ ಒಂದೇ ಪ್ರಶ್ನೆ ಅದೇ ಮಾತುಗಳಲ್ಲಿ ಮತ್ತೆ ಮತ್ತೆ ಬಂದು, ಪ್ರತಿ ಸಲವೂ ಉತ್ತರ ಸಿಗದೆ ಹೋಗುತ್ತಿದ್ದರೆ ಆಗ ಅದು ಅತಿ. ಗಾಣದ ಎತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ, ಇಲ್ಲಿ ಅದೂ ಇಲ್ಲ.

ಮನಃಶಾಸ್ತ್ರಜ್ಞರು ಇದರಲ್ಲಿ ಎರಡು ಬಗೆ ನೋಡುತ್ತಾರೆ. ಆಗಿಹೋದದ್ದನ್ನು ಮೆಲುಕು ಹಾಕುವುದು ಒಂದು: "ನಾನು ಹಾಗೆ ಯಾಕೆ ಅಂದೆ, ಅವರು ನನ್ನ ಬಗ್ಗೆ ಏನಂದುಕೊಂಡರು." ಇನ್ನೂ ಆಗದಿರುವುದನ್ನು ಊಹಿಸಿ ಹೆದರುವುದು ಇನ್ನೊಂದು: "ಸ್ಕ್ಯಾನಿಂಗ್‌ನಲ್ಲಿ ಏನಾದರೂ ಬಂದರೆ, ಕೆಲಸ ಹೋದರೆ." ಮೊದಲನೆಯದು ಖಿನ್ನತೆಯ ಕಡೆಗೆ ಎಳೆಯುತ್ತದೆ, ಎರಡನೆಯದು ಆತಂಕದ ಕಡೆಗೆ. ಹೆಚ್ಚಿನವರಲ್ಲಿ ಎರಡೂ ಕಲಸಿಕೊಂಡಿರುತ್ತವೆ.

ನಿಮ್ಮದು ಯೋಚನೆಯೋ ಅತಿಯೋಚನೆಯೋ ಎಂದು ತಿಳಿಯಲು ಒಂದು ಒರಟು ಪರೀಕ್ಷೆ ಇದೆ. ಇಪ್ಪತ್ತು ನಿಮಿಷ ತಲೆ ಕೆಡಿಸಿಕೊಂಡ ಮೇಲೆ ಒಂದು ನಿರ್ಧಾರವೋ, ಮಾಡಬೇಕಾದ ಒಂದು ಕೆಲಸವೋ, ಮೊದಲು ಗೊತ್ತಿರದ ಒಂದು ವಿಷಯವೋ ಕೈಗೆ ಬಂತೇ? ಬರಲಿಲ್ಲವೆಂದರೆ ಇನ್ನೊಂದು ಇಪ್ಪತ್ತು ನಿಮಿಷಕ್ಕೂ ಬರುವ ಸಂಭವ ಕಡಿಮೆ.

ಇದು ಕಾಯಿಲೆಯೇ?

ಈ ಹೆಸರಿನ ಕಾಯಿಲೆ ವೈದ್ಯರ ಪಟ್ಟಿಯಲ್ಲಿಲ್ಲ. ಆದರೆ ಖಿನ್ನತೆ, ಆತಂಕದ ಕಾಯಿಲೆ, ನಿದ್ರಾಹೀನತೆ ಇವೆಲ್ಲದರೊಳಗೂ ಇದು ಇರುತ್ತದೆ. ಎಷ್ಟೋ ಸಲ ಅವುಗಳಿಗಿಂತ ಮುಂಚೆಯೇ ಬಂದು ಕೂತಿರುತ್ತದೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಒಂದು ಆಕಸ್ಮಿಕ. ಅಮೆರಿಕದ ಮನಃಶಾಸ್ತ್ರಜ್ಞೆ ಸೂಸನ್ ನೋಲೆನ್-ಹೊಕ್ಸೆಮಾ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ, ಬೇಸರವಾದಾಗ ನೀವು ಏನು ಮಾಡುತ್ತೀರಿ ಎಂದು ವಿದ್ಯಾರ್ಥಿಗಳಿಂದ ಪ್ರಶ್ನಾವಳಿ ತುಂಬಿಸಿಕೊಂಡಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ, 1989ರ ಅಕ್ಟೋಬರ್ 17ರಂದು, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ದೊಡ್ಡ ಭೂಕಂಪವಾಯಿತು. ಹತ್ತು ದಿನ ಬಿಟ್ಟು, ಆಮೇಲೆ ಏಳು ವಾರ ಬಿಟ್ಟು ಅದೇ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಮೊದಲಿನಿಂದಲೂ ಬೇಸರವನ್ನು ಮೆಲುಕು ಹಾಕುವ ಸ್ವಭಾವದವರಲ್ಲೇ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಉಳಿದಿದ್ದವು. ಭೂಮಿ ಎಲ್ಲರಿಗೂ ನಡುಗಿತ್ತು. ಕೆಲವರ ಮನಸ್ಸಿನಲ್ಲಿ ಅದು ನಿಲ್ಲಲಿಲ್ಲ.

ಆ ಹೊತ್ತಿನಲ್ಲಿ ಮೆದುಳಿನೊಳಗೆ ಏನು ನಡೆಯುತ್ತಿರುತ್ತದೆ?

ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2 ಮಾತ್ರ, ಆದರೆ ದೇಹದ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ನೀವು ಸುಮ್ಮನೆ ಕೂತರೂ ಈ ಖರ್ಚು ಅಷ್ಟೇನೂ ಇಳಿಯುವುದಿಲ್ಲ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು 2001ರಲ್ಲಿ ಇದರ ಹಿಂದಿನ ಒಂದು ಕುತೂಹಲದ ಸಂಗತಿಯನ್ನು ವಿವರಿಸಿದರು. ಕೈಯಲ್ಲಿ ಕೆಲಸವಿದ್ದಾಗ ತಣ್ಣಗಾಗಿ, ಕೆಲಸ ಮುಗಿದೊಡನೆ ಚುರುಕಾಗುವ ಕೆಲವು ಭಾಗಗಳು ಮೆದುಳಿನಲ್ಲಿವೆ. ಹಣೆಯ ಹಿಂದೆ ನಡುಗೆರೆಯಲ್ಲೊಂದು, ತಲೆಯ ಹಿಂಭಾಗದ ಒಳಗೊಂದು, ಹೀಗೆ ಅಲ್ಲಲ್ಲಿ ಇದ್ದರೂ ಒಟ್ಟಾಗಿ ಕೆಲಸ ಮಾಡುವ ಈ ಜಾಲಕ್ಕೆ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಎಂಬ ಹೆಸರು ಬಿತ್ತು. ಹಳೆಯ ನೆನಪು, ನಾಳೆಯ ಊಹೆ, "ನಾನು ಎಂಥವನು", "ಅವರು ನನ್ನನ್ನು ಹೇಗೆ ನೋಡುತ್ತಾರೆ" ಇವೆಲ್ಲ ನಡೆಯುವಾಗ ಈ ಜಾಲ ಎದ್ದಿರುತ್ತದೆ. ಕಥೆ ಕಟ್ಟುವುದಕ್ಕೂ ಮುಂದಿನದನ್ನು ಯೋಜಿಸುವುದಕ್ಕೂ ಇದು ಬೇಕು, ಹಾಗಾಗಿ ಇದನ್ನು ಶತ್ರು ಎನ್ನಲಾಗದು. ಖಿನ್ನತೆಯಲ್ಲಿ ಮೆಲುಕು ಹಾಕುವವರಲ್ಲಿ ಮಾತ್ರ ಈ ಜಾಲ, ದುಃಖದ ಜೊತೆ ನಂಟಿರುವ ಮುಂಮೆದುಳಿನ ಒಂದು ಆಳದ ಭಾಗದೊಡನೆ ಬಿಗಿಯಾಗಿ ಹೆಣೆದುಕೊಂಡಿರುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ.

ಇನ್ನು ಹೆದರಿಕೆಯ ಕಡೆ. ಕಿವಿಗಳ ನೇರಕ್ಕೆ ಒಳಗಡೆ, ಎರಡೂ ಬದಿಯಲ್ಲಿ, ಬಾದಾಮಿ ಆಕಾರದ ಅಮಿಗ್ಡಲ ಇದೆ. ಅಪಾಯ ಕಂಡರೆ ಅದು ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸುದ್ದಿ ಹೋಗಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತದೆ. ಅದಕ್ಕೂ ಮೊದಲೇ ನರಗಳ ಸೂಚನೆಯಿಂದ ಅಡ್ರಿನಲಿನ್ ಹೊರಬಂದು ಎದೆಬಡಿತ ಏರಿಸಿರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಲು ಇದೆಲ್ಲ ಬೇಕೇ ಬೇಕು. ಆದರೆ ನಾಯಿ ಹೋದ ಮೇಲೆ ಇಳಿಯಬೇಕಾದದ್ದು ನಾಯಿಯ ನೆನಪಿಗೂ, ನಾಳೆ ಬರಬಹುದಾದ ನಾಯಿಗೂ ಎದ್ದೇ ಇದ್ದರೆ? ನೆದರ್ಲೆಂಡ್ಸ್‌ನ ಯೋಸ್ ಬ್ರೊಸ್‌ಖಾಟ್ ಮತ್ತು ಇಬ್ಬರು ಸಹೋದ್ಯೋಗಿಗಳು 2006ರಲ್ಲಿ ಮುಂದಿಟ್ಟ ವಾದ ಇದೇ. ದೇಹವನ್ನು ಸವೆಸುವುದು ಕಷ್ಟದ ಗಳಿಗೆ ಒಂದೇ ಅಲ್ಲ, ಅದರ ಮುಂಚೆ ಮತ್ತು ಆಮೇಲೆ ಗಂಟೆಗಟ್ಟಲೆ ನಡೆಯುವ ಯೋಚನೆ ಆ ಗಳಿಗೆಯನ್ನು ಎಳೆದು ಉದ್ದ ಮಾಡುತ್ತದೆ. ಬರೀ ಯೋಚನೆಗೆ ಭುಜ ಬಿಗಿಯುವುದು, ಹೊಟ್ಟೆ ಕೆಡುವುದು, ಎದೆ ಢವಢವ ಅನ್ನುವುದು ಇದರಿಂದಲೇ. ಇವು ಯಾವುವೂ ನಾಟಕವಲ್ಲ.

ಇತ್ತೀಚೆಗೆ ಮರೆವು ಜಾಸ್ತಿಯಾಗಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇರಬಹುದು. ಈ ಕ್ಷಣಕ್ಕೆ ಬೇಕಾದ್ದನ್ನು ಹಿಡಿದಿಟ್ಟುಕೊಳ್ಳುವ ಮೆದುಳಿನ ಜಾಗ ತೀರ ಚಿಕ್ಕದು, ಕೆಲವೇ ಸಂಗತಿ ಅದರಲ್ಲಿ ಹಿಡಿಸುತ್ತದೆ. ಚಿಂತೆ ಅಲ್ಲಿ ಕೂತರೆ ಓದಿದ ಪುಟ, ಗ್ಯಾಸ್ ಆರಿಸಿದೆನೋ ಇಲ್ಲವೋ, ಎದುರಿನವರು ಹೇಳಿದ ಹೆಸರು ಯಾವುದೂ ಒಳಗೇ ಹೋಗುವುದಿಲ್ಲ. ಒಳಗೆ ಹೋಗದ್ದು ನೆನಪಿಗೆ ಬರುವುದೆಲ್ಲಿಂದ? ಜೊತೆಗೆ ನಿದ್ದೆ ಕೆಟ್ಟಿರುತ್ತದೆ, ನೆನಪು ಗಟ್ಟಿಯಾಗುವುದು ನಿದ್ದೆಯಲ್ಲಿ. ಹಾಗೆಂದು ವಯಸ್ಸಾದವರ ಮರೆವನ್ನೆಲ್ಲ ಟೆನ್ಷನ್ ತಲೆಗೆ ಕಟ್ಟಬಾರದು, ಅದನ್ನು ವೈದ್ಯರು ನೋಡಬೇಕು.

ಯೋಚಿಸಿ ಯೋಚಿಸಿ ಮೆದುಳಿನ ಕೋಶಗಳು ಸಾಯುತ್ತವಂತೆ, ಹೌದೇ?

ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ಹೆದರಿಸುವುದಕ್ಕಷ್ಟೇ ಉಪಯೋಗ, ಅತಿಯಾಗಿ ಯೋಚಿಸುವವರಿಗೆ ಯೋಚಿಸಲು ಇನ್ನೊಂದು ವಿಷಯ ಕೊಟ್ಟಂತೆ. ಇದರ ಹಿಂದಿನ ನಿಜವಾದ ವಿಜ್ಞಾನ ಮಾತ್ರ ಸ್ವಾರಸ್ಯವಾಗಿದೆ, ಅದರಲ್ಲಿ ಒಂದು ಪಾಲು ನಮ್ಮ ಬೆಂಗಳೂರಿನದು.

ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಎವನ್ ಅವರ ಪ್ರಯೋಗಶಾಲೆಯಲ್ಲಿ ಇಲಿಗಳನ್ನು ಮೂರು ವಾರ ದಿನವೂ ಕೆಲವು ಗಂಟೆ ಅಲ್ಲಾಡದಂತೆ ಇಟ್ಟಾಗ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗದ ನರಕೋಶಗಳ ಕವಲುಗಳು ಕುಗ್ಗಿದವು. ಕೋಶ ಸತ್ತಿರಲಿಲ್ಲ. ಹಿಂಸೆ ನಿಂತ ಮೇಲೆ ಕವಲು ಮತ್ತೆ ಬೆಳೆದವು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ಪ್ರಕಟಿಸಿದ್ದು ಇದರ ಇನ್ನೊಂದು ಮಗ್ಗುಲು. ದಿನಕ್ಕೆ 2 ಗಂಟೆಯಂತೆ 10 ದಿನ ಇಲಿಗಳನ್ನು ಅಲುಗಾಡದಂತೆ ಹಿಡಿದಿಟ್ಟರೆ ಹಿಪೊಕ್ಯಾಂಪಸ್‌ನಲ್ಲಿ ಕವಲು ಕುಗ್ಗುತ್ತದೆ, ಅದೇ ಹೊತ್ತಿಗೆ ಅಮಿಗ್ಡಲದಲ್ಲಿ ಕವಲು ಬೆಳೆಯುತ್ತದೆ. ಹಿಂಸೆ ನಿಲ್ಲಿಸಿ 21 ದಿನ ಬಿಟ್ಟು ನೋಡಿದರೂ ಅಮಿಗ್ಡಲದ ಬೆಳವಣಿಗೆ ಹಾಗೇ ಉಳಿದಿತ್ತು ಎಂದು ಅವರೇ 2004ರಲ್ಲಿ ತೋರಿಸಿದರು.

ಇಲಿಯ ಪಾಡೇ ಬೇರೆ, ಇಎಂಐ ಬಗ್ಗೆ ಯೋಚಿಸುವ ಮನುಷ್ಯನ ಪಾಡೇ ಬೇರೆ. ಇದನ್ನು ಅದಕ್ಕೆ ನೇರವಾಗಿ ಅಂಟಿಸಲಾಗದು. ಆದರೂ ಇಷ್ಟು ತಿಳಿಯುತ್ತದೆ: ಬಹಳ ಕಾಲದ ಒತ್ತಡಕ್ಕೆ ಮೆದುಳು ತನ್ನ ಆಕಾರವನ್ನು ಬದಲಿಸಿಕೊಳ್ಳುತ್ತದೆ, ಆ ಬದಲಾವಣೆಗಳಲ್ಲಿ ಕೆಲವು ಬೇಗ ಹಿಂದಿರುಗುತ್ತವೆ, ಹೆದರಿಕೆಯದು ತಡವಾಗುತ್ತದೆ. ಕಷ್ಟ ಮುಗಿದ ಮೇಲೂ ಕೆಲವು ತಿಂಗಳು ಸಣ್ಣ ಸದ್ದಿಗೂ ಬೆಚ್ಚುವವರು "ಈಗೇನಾಗಿದೆ ನಿನಗೆ" ಎಂಬ ಮಾತು ಕೇಳಬೇಕಾದವರಲ್ಲ.

ಬುದ್ಧಿವಂತರೇ ಹೆಚ್ಚು ಓವರ್‌ಥಿಂಕ್ ಮಾಡುತ್ತಾರಂತೆ?

ಸಮಾಧಾನಕ್ಕೆ ಹೇಳಿಕೊಳ್ಳಬಹುದು. ದಡ್ಡರೂ ಮಾಡುತ್ತಾರೆ.

"ಇದನ್ನು ಯೋಚಿಸಬಾರದು" ಅಂದುಕೊಂಡಷ್ಟೂ ಅದೇ ಯಾಕೆ ಬರುತ್ತದೆ?

1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ಐದು ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋಗಿ, ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ. ಗಂಟೆ ಬಡಿಯುತ್ತಲೇ ಇತ್ತು. ಆಮೇಲೆ ಈಗ ಕರಡಿಯನ್ನು ನೆನೆಯಬಹುದು ಎಂದಾಗ, ಮೊದಲೇ ತಡೆಹಿಡಿದಿದ್ದವರು ತಡೆಹಿಡಿಯದವರಿಗಿಂತ ಹೆಚ್ಚು ಸಲ ಅದನ್ನು ನೆನೆದರು. ವೆಗ್ನರ್ ಕೊಟ್ಟ ವಿವರಣೆ ಹೀಗಿದೆ: ಒಂದು ಯೋಚನೆಯನ್ನು ದೂರವಿಡಬೇಕಾದರೆ, ಅದು ಬಂತೇ ಎಂದು ಮನಸ್ಸಿನ ಒಂದು ಭಾಗ ಸದಾ ಹುಡುಕುತ್ತಿರಬೇಕು. ಹುಡುಕುವುದೇ ಅದನ್ನು ಕರೆತರುತ್ತದೆ. ದಣಿವಾದಾಗ, ನಿದ್ದೆಗೆಟ್ಟಾಗ ತಡೆಯುವ ಭಾಗ ಸೋಲುತ್ತದೆ, ಹುಡುಕುವ ಭಾಗ ಸೋಲುವುದಿಲ್ಲ.

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ. "ಪಾಸಿಟಿವ್ ಆಗಿ ಯೋಚಿಸು", "ತಲೆಯಿಂದ ತೆಗೆದುಹಾಕು" ಎಂಬ ಸಲಹೆಗಳು ಕೈಕೊಡುವುದು ಇಲ್ಲೇ. ಕೆಳಗಿನ ಉಪಾಯಗಳಲ್ಲಿ ಯಾವುದೂ ಯೋಚನೆಯನ್ನು ಹೊರದಬ್ಬುವುದಿಲ್ಲ. ಅದಕ್ಕೊಂದು ಹೊತ್ತು ಗೊತ್ತುಮಾಡುತ್ತವೆ, ಅದರ ಪ್ರಶ್ನೆಯನ್ನು ಬದಲಿಸುತ್ತವೆ, ಇಲ್ಲವೇ ದೇಹದ ಕಡೆಯಿಂದ ಬಿಗಿ ಸಡಿಲಿಸುತ್ತವೆ.

ಚಿಂತೆಗೆ ಟೈಮ್ ಕೊಡಿ ಅನ್ನುತ್ತಾರಲ್ಲ, ಏನದು? ತಮಾಷೆಯೇ?

ತಮಾಷೆಯಂತೆ ಕೇಳಿಸುತ್ತದೆ, ಕೆಲಸ ಮಾಡುತ್ತದೆ. ಪೆನ್ಸಿಲ್ವೇನಿಯಾದ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಪರೀಕ್ಷಿಸಿ ಬರೆದರು. ದಿನವೂ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ. ಅದು ಚಿಂತೆಯ ಹೊತ್ತು. ಬೇರೆ ಸಮಯದಲ್ಲಿ ಚಿಂತೆ ಬಂದರೆ ಅದನ್ನು ಗುರುತಿಸಿ, ಒಂದು ಚೀಟಿಯಲ್ಲಿ ಎರಡು ಪದ ಬರೆದು, "ಸಂಜೆ ಆರಕ್ಕೆ" ಎಂದು ಮುಂದೂಡಿ ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ಆರು ಗಂಟೆಗೆ ನಿಜವಾಗಿಯೂ ಕೂತು ಆ ಚೀಟಿ ತೆಗೆಯುವುದು.

ಕೂತಾಗ ಎರಡು ಸಂಗತಿ ಆಗುತ್ತವೆ. ಬೆಳಿಗ್ಗೆ ಬೆಟ್ಟದಷ್ಟಿದ್ದ ಅರ್ಧದಷ್ಟು ಚಿಂತೆಗಳು ಸಂಜೆಗೆ ಬರೆದಿಟ್ಟ ಎರಡು ಪದ ಮಾತ್ರ ಆಗಿರುತ್ತವೆ. ಉಳಿದವನ್ನು ಪೆನ್ನು ಹಿಡಿದು, ನಾಳೆ ಮಾಡಬಹುದಾದ ಒಂದು ಕೆಲಸವಾಗಿ ಬರೆಯಬಹುದು. ಬ್ಯಾಂಕಿಗೆ ಹೋಗಿ ಕೇಳುವುದು, ಅಣ್ಣನಿಗೆ ಫೋನ್ ಮಾಡುವುದು, ಇಂಥದ್ದು. ಮಾಡಲಾಗುವಂಥದ್ದು ಏನೂ ಇಲ್ಲವೆಂದರೆ ಹಾಗೆಂದೇ ಬರೆಯಿರಿ. ಮಲಗುವ ಹೊತ್ತಿಗೆ ತೀರ ಹತ್ತಿರ ಇದನ್ನು ಇಟ್ಟುಕೊಳ್ಳಬೇಡಿ, ಹಾಸಿಗೆಯ ಮೇಲಂತೂ ಬೇಡ. ಮೊದಲ ವಾರ ಹಾಸ್ಯಾಸ್ಪದವಾಗಿ ಕಾಣುತ್ತದೆ, ಬಿಡಬೇಡಿ.

"ನನಗೇ ಯಾಕೆ ಹೀಗೆ" ಅಂತ ಮೂಲ ಹುಡುಕುವುದು ಒಳ್ಳೆಯದಲ್ಲವೇ?

ಹುಡುಕುವವರಿಗೆ ತಾನು ಏನೋ ಆಳವಾದದ್ದು ಮಾಡುತ್ತಿದ್ದೇನೆ ಅನಿಸುತ್ತದೆ, ಕಷ್ಟ ಇರುವುದೇ ಅಲ್ಲಿ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಎಡ್ವರ್ಡ್ ವಾಟ್ಕಿನ್ಸ್ ಈ ಮೆಲುಕಿಗೆಂದೇ ಚಿಕಿತ್ಸೆ ರೂಪಿಸಿದವರು. ಅವರ ಕೆಲಸದಲ್ಲಿ ಮುಖ್ಯವಾಗಿ ಕಾಣುವುದು ಯೋಚನೆಯ ಬಗೆ. "ನಾನ್ಯಾಕೆ ಯಾವಾಗಲೂ ಹೀಗೇ?" ಎನ್ನುವ ತೇಲಿಕೆಯ ಪ್ರಶ್ನೆಯಲ್ಲಿ ಇಡೀ ಬದುಕು ಕಟಕಟೆಯಲ್ಲಿ ನಿಲ್ಲುತ್ತದೆ. "ನಿನ್ನೆ ಮೀಟಿಂಗಿನಲ್ಲಿ ಯಾವ ಮಾತಿಗೆ ನಾನು ತಡವರಿಸಿದೆ, ಮುಂದಿನ ಸಲ ಮೊದಲ ವಾಕ್ಯ ಏನು ಹೇಳಲಿ?" ಎನ್ನುವಾಗ ಸ್ಥಳ, ಹೊತ್ತು, ಎದುರಿದ್ದವರು, ಮಾಡಬೇಕಾದ್ದು ಎಲ್ಲ ಕಣ್ಣಿಗೆ ಕಟ್ಟುತ್ತವೆ, ಯೋಚನೆಗೆ ಒಂದು ಕೊನೆ ಸಿಗುತ್ತದೆ. ಹಾಗಾಗಿ "ಯಾಕೆ" ಎಂದು ತಲೆಯೊಳಗೆ ಕೇಳಿಸಿದ ಕೂಡಲೇ ಅದನ್ನು "ಹೇಗೆ", "ಯಾವಾಗ", "ಮೊದಲು ಏನು" ಎಂದು ತಿರುಗಿಸಿ ನೋಡಿ. ಅಭ್ಯಾಸವಾಗಲು ಸಮಯ ಬೇಕು.

ರಾತ್ರಿ ಮಲಗಿದ ಕೂಡಲೇ ಶುರುವಾಗುವುದು ಯಾಕೆ? ಏನು ಮಾಡಲಿ?

ಹಗಲೆಲ್ಲ ಕೆಲಸ, ಮಾತು, ಮೊಬೈಲು ಅದನ್ನು ಬದಿಗೆ ಒತ್ತಿರುತ್ತವೆ. ದೀಪ ಆರಿದಾಗ ಹೊರಗಿನ ಸದ್ದೆಲ್ಲ ನಿಂತು ಒಳಗಿನದು ಮಾತ್ರ ಉಳಿಯುತ್ತದೆ. ಸಮಾಧಾನ ಹೇಳಬೇಕಾದ ಮುಂಮೆದುಳು ಆ ಹೊತ್ತಿಗೆ ದಣಿದಿರುತ್ತದೆ. ನಸುಕಿನ ಮೂರು ನಾಲ್ಕಕ್ಕೆ ಎಚ್ಚರವಾಗುವವರಿಗೆ ಇನ್ನೊಂದು ಕಾರಣ ಸೇರುತ್ತದೆ. ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತೀರ ಇಳಿದು, ರಾತ್ರಿಯ ಉತ್ತರಾರ್ಧದಲ್ಲಿ ಏರತೊಡಗಿ, ಎದ್ದ ಅರ್ಧ ಮುಕ್ಕಾಲು ಗಂಟೆಗೆ ತುದಿ ಮುಟ್ಟುತ್ತದೆ. ಆ ಗಳಿಗೆಯಲ್ಲಿ ಬರುವ ತೀರ್ಮಾನಗಳನ್ನು ("ಎಲ್ಲ ಮುಗಿಯಿತು", "ಈ ಕೆಲಸ ಬಿಟ್ಟುಬಿಡಬೇಕು") ಬೆಳಕು ಹರಿಯುವ ತನಕ ನಂಬದಿರುವುದು ಮೇಲು.

ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 2018ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. 57 ಯುವಕ ಯುವತಿಯರಲ್ಲಿ ಅರ್ಧ ಮಂದಿ ಮಲಗುವ ಮುನ್ನ 5 ನಿಮಿಷ, ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆದರು. ಉಳಿದವರು ಆಗಲೇ ಮಾಡಿ ಮುಗಿಸಿದ್ದನ್ನು ಬರೆದರು. ಮಾಡಬೇಕಾದ್ದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ. ದೊಡ್ಡ ಸಂಖ್ಯೆಯಲ್ಲ, ಆದರೆ ಒಂದು ಹಾಳೆ, ಒಂದು ಪೆನ್ನಿನ ಖರ್ಚಿಗೆ ಕಡಿಮೆಯೂ ಅಲ್ಲ.

ಹದಿನೈದು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಹೊರಗೆ ಬಂದು ಮಂದ ಬೆಳಕಿನಲ್ಲಿ ಬೇಸರದ ಯಾವುದಾದರೂ ಕೆಲಸ ಮಾಡಿ, ಕಣ್ಣು ಎಳೆದಾಗ ಹೋಗಿ ಮಲಗಿ. ಹೊರಳಾಡುತ್ತ ಬಿದ್ದಿದ್ದರೆ ಹಾಸಿಗೆ ಅಂದರೆ ಚಿಂತೆಯ ಜಾಗ ಎಂದು ಮೆದುಳು ಕಲಿತುಬಿಡುತ್ತದೆ. ಗಡಿಯಾರ ನೋಡಬೇಡಿ, "ಇನ್ನು ನಾಲ್ಕೇ ಗಂಟೆ ಉಳಿಯಿತು" ಎಂಬ ಲೆಕ್ಕದಿಂದ ಯಾರಿಗೂ ನಿದ್ದೆ ಬಂದಿಲ್ಲ.

ಕಾಫಿ ಬಿಡಬೇಕೇ?

ಬೆಳಗಿನ ಫಿಲ್ಟರ್ ಕಾಫಿಯ ಮೇಲೆ ನನ್ನ ತಕರಾರಿಲ್ಲ. ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಆರರ ಕಾಫಿಯ ಅರ್ಧ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿರುತ್ತದೆ. ಎದೆಬಡಿತ ಏರುವ ಸ್ವಭಾವವಿದ್ದರೆ ಮಧ್ಯಾಹ್ನದ ಮೇಲೆ ಬಿಟ್ಟು ಎರಡು ವಾರ ನೋಡಿ. ಮದ್ಯದ ವಿಷಯವೂ ಹೇಳಿಬಿಡುತ್ತೇನೆ: ಬೇಗ ನಿದ್ದೆ ಹತ್ತಿಸುತ್ತದೆ, ನಡುರಾತ್ರಿಯ ಮೇಲೆ ನಿದ್ದೆ ಕೆಡಿಸುತ್ತದೆ.

ಪ್ರಾಣಾಯಾಮ, ಓಂಕಾರ, ಧ್ಯಾನ ಇವುಗಳಿಂದ ನಿಜವಾಗಿ ಪ್ರಯೋಜನ ಇದೆಯೇ, ಅಥವಾ ನಂಬಿಕೆಯೇ?

ಉಸಿರಿನ ವಿಷಯದಲ್ಲಿ ಶರೀರಶಾಸ್ತ್ರ ಸ್ಪಷ್ಟವಾಗಿದೆ. ಉಸಿರು ಒಳಗೆಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ, ಮೆದುಳಿನಿಂದ ಹೃದಯಕ್ಕೆ ಇಳಿದು ಬಡಿತ ನಿಧಾನಿಸುವ ವೇಗಸ್ ನರದ ಹಿಡಿತ ಬಿಗಿಯಾಗಿ ಬಡಿತ ಇಳಿಯುತ್ತದೆ. ಆದ್ದರಿಂದ ಬಿಡುವುದನ್ನು ಎಳೆಯುವುದಕ್ಕಿಂತ ಉದ್ದ ಮಾಡಿದರೆ, ನಿಮಿಷಕ್ಕೆ ಆರರ ಆಸುಪಾಸಿಗೆ ಉಸಿರನ್ನು ನಿಧಾನಿಸಿದರೆ, ದೇಹ ತಣ್ಣಗಾಗುತ್ತದೆ. ನಂಬಿಕೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸ್ಟ್ಯಾನ್‌ಫರ್ಡ್‌ನವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಒಂದು ತಿಂಗಳು ದಿನಕ್ಕೆ 5 ನಿಮಿಷ ಅಭ್ಯಾಸ ಮಾಡಿದರು. ಮೂಗಿನಲ್ಲಿ ಎರಡು ಸಲ ಒಂದರ ಮೇಲೊಂದು ಉಸಿರು ತುಂಬಿ, ಬಾಯಿಂದ ನಿಧಾನ ಬಿಡುವ ಕ್ರಮದವರಿಗೆ, ಅಷ್ಟೇ ಹೊತ್ತು ಧ್ಯಾನಕ್ಕೆ ಕೂತವರಿಗಿಂತ ಮನಸ್ಸು ಹೆಚ್ಚು ಹಗುರವಾಯಿತು. ಆತಂಕ ಎರಡೂ ಗುಂಪಿನಲ್ಲಿ ಇಳಿಯಿತು.

ಓಂಕಾರದ ಮೇಲೆ ನಿಮ್ಹಾನ್ಸ್‌ನಲ್ಲೇ ಕೆಲಸವಾಗಿದೆ. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೆದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿ ಗಟ್ಟಿಯಾಗಿ ಓಂ ಎಂದಾಗ ಅಮಿಗ್ಡಲವೂ ಸೇರಿದಂತೆ ಭಾವನೆಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಇಳಿಯಿತು. ಅಷ್ಟೇ ಹೊತ್ತು "ಸ್‌ಸ್‌ಸ್" ಎಂದಾಗ ಹಾಗಾಗಲಿಲ್ಲ. ಭಾಗವಹಿಸಿದ್ದವರು 12 ಮಂದಿ ಮಾತ್ರ, ಆದ್ದರಿಂದ ಇದನ್ನು ಹಿಡಿದು ಭಾಷಣ ಮಾಡುವುದು ಬೇಡ. ಮಾಡುವವರು ಸಂತೋಷವಾಗಿ ಮುಂದುವರಿಸಬಹುದು.

ಧ್ಯಾನದ ಬಗ್ಗೆ ಒಂದು ಎಚ್ಚರಿಕೆ. ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಕೆಲವರಿಗೆ ಯೋಚನೆ ಇನ್ನೂ ಜೋರಾಗುತ್ತದೆ, ಕೆಲವರಿಗೆ ಹಳೆಯ ನೋವು ನುಗ್ಗಿ ಬರುತ್ತದೆ. ಅಂಥವರು ತಮಗೆ ಯೋಗ್ಯತೆಯಿಲ್ಲ ಎಂದುಕೊಳ್ಳಬೇಕಿಲ್ಲ. ಕೈಕಾಲು ಆಡಿಸುವ ದಾರಿ ಹಿಡಿಯಬಹುದು: ನಡಿಗೆ, ಸೂರ್ಯನಮಸ್ಕಾರ, ತೋಟದ ಕೆಲಸ, ರಂಗೋಲಿ, ರಾಶಿ ಪಾತ್ರೆ ತೊಳೆಯುವುದು.

ನಡೆದರೆ ಯೋಚನೆ ಕಡಿಮೆಯಾಗುತ್ತದೆಯೇ? ನಾನು ನಡೆಯುತ್ತಲೇ ಯೋಚಿಸುತ್ತೇನೆ.

ಎಲ್ಲಿ ನಡೆಯುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗ್ರೆಗರಿ ಬ್ರಾಟ್‌ಮನ್ ಮತ್ತು ಸಂಗಡಿಗರ 2015ರ ಅಧ್ಯಯನದಲ್ಲಿ 90 ನಿಮಿಷ ಮರಗಿಡಗಳ ನಡುವೆ ನಡೆದವರಲ್ಲಿ ಮೆಲುಕು ಹಾಕುವುದು ಕಡಿಮೆಯಾಯಿತು, ದುಃಖದ ಜೊತೆ ನಂಟಿರುವ ಆ ಆಳದ ಭಾಗವೂ ತಣ್ಣಗಾಯಿತು. ವಾಹನ ತುಂಬಿದ ರಸ್ತೆಯ ಪಕ್ಕ ನಡೆದವರಲ್ಲಿ ಅದು ಕಾಣಲಿಲ್ಲ. ಲಾಲ್‌ಬಾಗ್ ಹತ್ತಿರವಿದ್ದವರು ಅದೃಷ್ಟವಂತರು. ಊರಿನಲ್ಲಿರುವವರಿಗೆ ಕೆರೆ ಏರಿ, ಗದ್ದೆಯ ಬದು ಸಾಕು. ಯೋಚನೆ ಬಂದಾಗ ಕಣ್ಣಿಗೆ ಬಿದ್ದ ಮರದ ಹೆಸರು ಹೇಳಿಕೊಳ್ಳಿ, ಗೊತ್ತಿಲ್ಲದಿದ್ದರೆ ಎಲೆ ಹೇಗಿದೆ ನೋಡಿ. ಕಿವಿಯಲ್ಲಿ ಇಯರ್‌ಫೋನ್ ಹಾಕಿ ಯೂಟ್ಯೂಬಿನ ಚರ್ಚೆ ಕೇಳುತ್ತ ನಡೆದರೆ ಕಾಲಿಗೆ ವ್ಯಾಯಾಮವಾಗುತ್ತದೆ, ಅಷ್ಟೇ.

ಗೆಳತಿಯ ಹತ್ತಿರ ಎಲ್ಲ ಹೇಳಿಕೊಂಡರೆ ಹಗುರವಾಗುತ್ತದೆ. ಆದರೆ ಮರುದಿನ ಮತ್ತೆ ಅದೇ. ಯಾಕೆ?

ಹೇಳಿಕೊಳ್ಳುವುದು ಒಳ್ಳೆಯದೇ. ಭಾವನೆಗೆ ಹೆಸರಿಟ್ಟರೆ ("ನನಗೆ ಈಗ ಅವಮಾನ ಅನಿಸುತ್ತಿದೆ") ಅಮಿಗ್ಡಲದ ಅಬ್ಬರ ಇಳಿಯುವುದನ್ನು ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದೆ. ಆದರೆ ಇಬ್ಬರೂ ಸೇರಿ ಒಂದೇ ವಿಷಯವನ್ನು ಒಂದೂವರೆ ಗಂಟೆ ಅರೆದು, "ಅವಳು ಆ ಎಮೋಜಿ ಯಾಕೆ ಹಾಕಿದಳು" ಎಂದು ಬಗೆದು ನೋಡುವುದು ಬೇರೆಯೇ. ಅಮಾಂಡ ರೋಸ್ ಎಂಬ ಸಂಶೋಧಕಿ ಹದಿಹರೆಯದವರಲ್ಲಿ ಇದನ್ನು ಗಮನಿಸಿ 2002ರಲ್ಲಿ ಬರೆದರು. ಹೀಗೆ ಜೊತೆಯಾಗಿ ಮೆಲುಕು ಹಾಕುವ ಮಕ್ಕಳಲ್ಲಿ ಗೆಳೆತನ ಗಾಢವಾಗಿರುತ್ತದೆ, ಬೇಸರ ಆತಂಕಗಳೂ ಹೆಚ್ಚಿರುತ್ತವೆ. ಗೆಳೆತನ ಬಿಡುವಂತಿಲ್ಲ! ಒಂದು ಸಲ ಪೂರ್ತಿ ಹೇಳಿ ಮುಗಿಸಿ, "ಈಗ ನಾನೇನು ಮಾಡಲಿ ಹೇಳೇ" ಎಂದು ಮಾತು ತಿರುಗಿಸಿ, ಆಮೇಲೆ ಸಿನಿಮಾ ಸುದ್ದಿಗೆ ಹೋಗಿ.

ಬ್ಲೂ ಟಿಕ್ ಬಂದು ಉತ್ತರ ಬರದಿದ್ದರೆ ತಲೆ ಕೆಡುತ್ತದೆ.

ಅರ್ಧ ಮಾಹಿತಿ ಸಿಕ್ಕಾಗ ಉಳಿದರ್ಧವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ, ಆತಂಕದ ಮನಸ್ಸು ಕೆಟ್ಟದ್ದನ್ನೇ ತುಂಬುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬ್ಲೂ ಟಿಕ್ ಆರಿಸಿ. ರೋಗಲಕ್ಷಣವನ್ನು ಗೂಗಲ್ ಮಾಡುವುದೂ, "ನಿಜವಾಗ್ಲೂ ಕೋಪ ಇಲ್ಲ ತಾನೆ?" ಎಂದು ಗಂಡನನ್ನೋ ಹೆಂಡತಿಯನ್ನೋ ಹತ್ತು ಸಲ ಕೇಳುವುದೂ ಇದೇ ಜಾತಿಯವು. ಕೇಳಿದಾಗ ಐದು ನಿಮಿಷ ಸಮಾಧಾನ, ಆಮೇಲೆ ಸಂಶಯ ಮೊದಲಿಗಿಂತ ಬೇಗ ವಾಪಸು.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಎರಡು ವಾರ ಮೀರಿ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಊಟ ನಿದ್ದೆ ಕೆಟ್ಟಿರುವುದು. ಹೆಚ್ಚೂಕಡಿಮೆ ದಿನವೂ ಎಲ್ಲದರ ಬಗ್ಗೆಯೂ ಹತೋಟಿಗೆ ಸಿಗದ ಚಿಂತೆ, ಅದೂ ಆರು ತಿಂಗಳಿನಿಂದ. ಬೀಗ ಹಾಕಿದ್ದನ್ನು, ಕೈ ತೊಳೆದದ್ದನ್ನು ಮತ್ತೆ ಮತ್ತೆ ನೋಡುವ, ಮಾಡುವ ಒತ್ತಾಯ. ಕೆಲಸಕ್ಕೋ ಕಾಲೇಜಿಗೋ ಹೋಗಲಾಗದಷ್ಟು ಆಗಿರುವುದು. ಇವುಗಳಲ್ಲಿ ಒಂದಿದ್ದರೂ ಹೋಗಿ. ಬದುಕು ಬೇಡ ಎಂಬ ಯೋಚನೆ ಬಂದರೆ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ.

ಫೋನಿನಲ್ಲಿ ಮಾತಾಡುವುದಾದರೆ ಟೆಲಿ ಮನಸ್ ಇದೆ. 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸೇವೆಯ ಕೇಂದ್ರಸ್ಥಾನ ನಿಮ್ಹಾನ್ಸ್. ಬೆಂಗಳೂರಿಗೇ ಬರಬೇಕೆಂದಿಲ್ಲ, ಜಿಲ್ಲಾ ಆಸ್ಪತ್ರೆಗಳಲ್ಲೂ ಮೆಡಿಕಲ್ ಕಾಲೇಜುಗಳಲ್ಲೂ ಮಾನಸಿಕ ವಿಭಾಗವಿದೆ. ಜಿಲ್ಲೆಯ ಮಟ್ಟದಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. 1996ರಲ್ಲಿ ದೇಶದ ಬೇರೆ ಕಡೆ ಆರಂಭವಾದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಹೋದಾಗ ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರೆ ಅಚ್ಚರಿಪಡಬೇಡಿ, ಅದು ಹೆಚ್ಚಾದರೂ ಎದೆಬಡಿತ, ಗಾಬರಿ, ನಿದ್ದೆಗೇಡು ಬರುತ್ತವೆ.

ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ತೆಗೆದುಕೊಳ್ಳಬೇಕಂತೆ?

ಎಲ್ಲರಿಗೂ ಮಾತ್ರೆಯೇ ಬೇಕಿಲ್ಲ, ಅನೇಕರಿಗೆ ವಾರಕ್ಕೊಮ್ಮೆಯಂತೆ ಹನ್ನೆರಡರಿಂದ ಹದಿನಾರು ಸಲ ಆಪ್ತಸಮಾಲೋಚನೆ, ಅದರಲ್ಲೂ ಯೋಚನೆ ಮತ್ತು ನಡವಳಿಕೆಯ ಬಗೆಯನ್ನು ಬದಲಿಸಲು ಕಲಿಸುವ ಸಿಬಿಟಿ ಕ್ರಮದ್ದು, ಸಾಕಾಗುತ್ತದೆ. ಖಿನ್ನತೆ, ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಚಟ ಹತ್ತಿಸುವಂಥವಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು, ನಿಲ್ಲಿಸುವಾಗ ವೈದ್ಯರ ಹೇಳಿಕೆಯಂತೆ ನಿಧಾನವಾಗಿ ಇಳಿಸಬೇಕು. ಹೆದರಬೇಕಾದ್ದು ಬೇರೆ ಕಡೆ ಇದೆ. "ನಿದ್ದೆ ಬರಲಿ" ಎಂದು ನೆಂಟರು ತಮ್ಮ ಡಬ್ಬಿಯಿಂದ ಕೊಡುವ ಆಲ್‌ಪ್ರಜೋಲಾಮ್‌ನಂಥ ಮಾತ್ರೆ ಅವತ್ತೇ ಕೆಲಸ ಮಾಡುತ್ತದೆ, ಅದೇ ಅದರ ಅಪಾಯ. ದಿನವೂ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಕೊಂಡು ಬಿಡಿಸುವುದು ಕಷ್ಟ. ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲದ ಔಷಧಿ ಅದು.

ಮಗಳು ಎರಡನೇ ಪಿಯುಸಿ. ಟೆನ್ಷನ್ ಮಾಡ್ಕೋಬೇಡ ಅಂದರೆ ಅಳುತ್ತಾಳೆ. ಏನು ಹೇಳಲಿ?

"ಟೆನ್ಷನ್ ಮಾಡ್ಕೋಬೇಡ" ಎನ್ನುವುದೂ ಬಿಳಿ ಕರಡಿಯೇ. ಅದರ ಬದಲು "ಯಾವುದಕ್ಕೆ ಹೆದರಿಕೆ ಪುಟ್ಟಿ, ಫಿಸಿಕ್ಸಿಗಾ?" ಎಂದು ಕೇಳಿ, ಉತ್ತರ ಪೂರ್ತಿ ಬರುವ ತನಕ ಸುಮ್ಮನಿರಿ. ಹೆದರಿಕೆ ಒಂದು ಪಾಠಕ್ಕೆ ಇಳಿದರೆ ಅದಕ್ಕೆ ಏನಾದರೂ ಮಾಡಬಹುದು. ಪಕ್ಕದ ಮನೆಯವರ ಮಗನ ಪರ್ಸೆಂಟೇಜು ಮನೆಯೊಳಗೆ ಬರದಿರಲಿ. ರಾತ್ರಿ ಹನ್ನೆರಡರ ಮೇಲೆ ಓದಿದ್ದು ನೆನಪಿನಲ್ಲಿ ನಿಲ್ಲುವುದು ಕಡಿಮೆ, ಆದ್ದರಿಂದ ಹತ್ತೂವರೆಗೆ ದೀಪ ಆರಿಸುವ ಜವಾಬ್ದಾರಿ ನೀವು ವಹಿಸಿಕೊಳ್ಳಿ, ಆರಿಸಿದ ಮೇಲೆ ನೀವೂ ಹಾಲಿನಲ್ಲಿ ಟಿವಿ ಹಾಕಬೇಡಿ.